ಕ್ಲಬ್ ಅಂದರೆ ಅದಲ್ಲ

ಜಯಮಾಲಾಳನ್ನು ನೋಡಲು ಹುಮನಾಬಾದಿನಿಂದ ಬಂದವರು ಸುಸಲಾ ತಿಂದು, ಚಹಾ ಕುಡಿದು, ಇನ್ನೇನು ಎಲೆ ಅಡಿಕೆ ತಟ್ಟೆಗೆ ಕೈ ಹಾಕಬೇಕು ಅನ್ನುವಾಗ ಅವಳ ಸೋದರಮಾವ ಗಂಟಲು ಸರಿಮಾಡಿಕೊಂಡ.

"ಎಲ್ಲಾ ಬೇಸ್ ಅದರಿ. ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹುಡುಗಗ ಏನರೆ ಚಟ ಅದೇನು? ಬೀಡಿ, ತಂಬಾಕು, ಅದೂ ಇದೂ?"

ಹುಡುಗನ ತಂದೆ ಬಸವಣಪ್ಪನವರು ದಾಲ್ ಮಿಲ್ಲಿನ ಧಣಿ, ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. "ಚಟ ಏನೂ ಇಲ್ರಿ. ಒಂದು ಕ್ಲಬ್ ಅದ, ಅಷ್ಟೇ. ಸಂಜೀಕ ಅಲ್ಲೇ ಇರ್ತಾನ" ಅಂದರು.

ಸೋದರಮಾವ ಎಲೆ ಅಡಿಕೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಬಾಗಿಲ ಮರೆಯಲ್ಲಿದ್ದ ಜಯಮಾಲಾ ಒಂದು ಹೆಜ್ಜೆ ಹಿಂದೆ ಸರಿದಳು. ತೊಂಬತ್ತರ ಆ ದಿನಗಳಲ್ಲಿ ಬಸವಕಲ್ಯಾಣದಲ್ಲಿ ಕ್ಲಬ್ ಎಂದರೆ ಒಂದೇ ಅರ್ಥವಿತ್ತು. ಬಾಗಿಲಿಗೆ ಗೋಣಿತಟ್ಟಿನ ಪರದೆ, ಒಳಗೆ ಜಮಖಾನೆ, ಜಮಖಾನೆಯ ಸುತ್ತ ಗಂಡಸರು, ನಡುವೆ ಇಸ್ಪೀಟಿನ ಎಲೆ. ಅಂಥ ಪರದೆಯ ಹಿಂದೆ ಹೋದ ಗಂಡಂದಿರನ್ನು ಹುಡುಕಿಕೊಂಡು ಕಂಕುಳಲ್ಲಿ ಮಗು ಇಟ್ಟುಕೊಂಡು ನಿಂತ ಹೆಂಗಸರನ್ನು ಅವಳು ಶಾಲೆಗೆ ಹೋಗುವ ದಾರಿಯಲ್ಲಿ ನೋಡುತ್ತ ಬೆಳೆದಿದ್ದಳು.

ಬಂದವರು ಹೋದ ಮೇಲೆ ಅವ್ವ ಸತ್ಯಮ್ಮ ಒಲೆಯ ಮುಂದೆ ಕೂತು, "ಬಾವಿಗಿ ನೂಕ್ತೀನಿ, ಇಸ್ಪೀಟಿನ ಮನೀಗಿ ಮಾತ್ರ ಕೊಡಂಗಿಲ್ಲ" ಎಂದು ಖಡಕ್ಕಾಗಿ ಹೇಳಿದಳು. ಆದರೆ ಮನೆತನ ಒಳ್ಳೆಯದು, ಹುಡುಗ ಓಂಪ್ರಕಾಶನ ಮುಖದಲ್ಲಿ ಕೇಡಿಲ್ಲ ಎಂದು ಅಪ್ಪನಿಗೆ ಒಳಗೊಳಗೇ ಆಸೆ. ಗುಟ್ಟಾಗಿ ನೋಡಿಕೊಂಡು ಬಾ ಎಂದು ಸೋದರಮಾವನನ್ನೇ ಹುಮನಾಬಾದಿಗೆ ಅಟ್ಟಿದರು. ಮಾವ ರಾತ್ರಿಯ ಕೊನೆಯ ಬಸ್ಸಿಗೆ ತಿರುಗಿ ಬಂದ. ಧೋತರದ ತುಂಬ ಕೆಂಪು ಧೂಳು.

"ಕ್ಲಬ್ ನೋಡಿದೇನೋ?" ಸತ್ಯಮ್ಮ ಕೇಳಿದಳು.

"ನೋಡ್ದೆ ಅಕ್ಕಾ."

"ಬಾಳ ಮಂದಿ ಇದ್ರಾ?"

"ಬಾಳ ಮಂದಿ. ಎಲ್ಲಾರೂ ಬರೇ ಚಡ್ಡಿ ಮ್ಯಾಲೆ."

"ಅಯ್ಯ ಶಿವನೇ, ಚಡ್ಡಿ ತನಕಾ ಸೋತಾರಾ!"

"ಸೋತಿಲ್ಲಕ್ಕಾ. ಚೆಂಡು ಒದ್ಯಾಕತ್ತಾರ. ಅದು ಫುಟ್‌ಬಾಲ್ ಕ್ಲಬ್."

ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಜಯಮಾಲಾ ಒಳಕೋಣೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮದುವೆ ಗಟ್ಟಿಯಾಯಿತು. ಸತ್ಯಮ್ಮ ಮಾತ್ರ ಅಕ್ಕಿ ಆರಿಸುತ್ತ ಮೊರದ ಕಡೆ ಮುಖ ಮಾಡಿಕೊಂಡೇ ಅಂದಳು: "ಇಸ್ಪೀಟಿನಾಂವ ಸೋತ್ರ ಒಬ್ಬಾಂವೇ ಸೋಲ್ತಾನ. ಇಂವ ಊರು ಕಟಗೊಂಡು ಸೋಲ್ತಾನ, ನೋಡ್ತಿರು."

ಆ ಮಾತು ಆಗ ಯಾರ ಕಿವಿಗೂ ಬೀಳಲಿಲ್ಲ.

ಹುಮನಾಬಾದಿಗೆ ಬಂದ ಮೇಲೆ ಜಯಮಾಲಾ ಕ್ಲಬ್ಬನ್ನು ಕಣ್ಣಾರೆ ಕಂಡಳು. ಮನೆಗೂ ಮಿಲ್ಲಿಗೂ ಹಿಂದೆ ಒಂದು ದೊಡ್ಡ ಖಾಲಿ ಜಾಗ. ಎರಡು ತುದಿಗೆ ಕಬ್ಬಿಣದ ಕಂಬ, ಮೂಲೆಯಲ್ಲೊಂದು ತಗಡಿನ ಕೋಣೆ, ಕೋಣೆಯ ನೆತ್ತಿಯಲ್ಲಿ ಬಣ್ಣ ಹಾರಿದ ಅಕ್ಷರ: ತರುಣ ಸಂಘ ಫುಟ್‌ಬಾಲ್ ಕ್ಲಬ್. ಬಸವಣಪ್ಪನವರು ಹರೆಯದಲ್ಲಿ ಬೇಳೆ ಮಾರಲು ಹೈದರಾಬಾದಿಗೆ ಹೋದಾಗ ಅಲ್ಲಿಯ ಪೊಲೀಸ್ ತಂಡದ ಆಟ ನೋಡಿ ಹುಚ್ಚು ಹಿಡಿಸಿಕೊಂಡು ಬಂದಿದ್ದರಂತೆ. ಬೇಳೆಗೆ ಗಿರಾಕಿ ಸಿಗಲಿಲ್ಲ, ಚೆಂಡು ಸಿಕ್ಕಿತು ಎಂದು ಅತ್ತೆ ಸುಂದರಬಾಯಿ ಚುಚ್ಚುತ್ತಿದ್ದರು.

ಆ ಜಾಗವನ್ನು ಕೊಂಡದ್ದು ಆಟಕ್ಕಲ್ಲ. ತೊಗರಿಗೆ ಎಣ್ಣೆ ಹಚ್ಚಿ, ನೀರು ಹೊಡೆದು, ಬಿಸಿಲಿಗೆ ಹರವಿ, ಒಣಗಿದ ಮೇಲೆಯೇ ಗಿರಣಿಗೆ ಹಾಕಬೇಕು. ಹರವಲು ಎಷ್ಟು ಜಾಗವೋ ಅಷ್ಟೇ ಬೇಳೆ. ಉಳಿದ ಮಿಲ್ಲಿನವರೆಲ್ಲ ಹಿತ್ತಲಿಗೆ ಶಹಾಬಾದ್ ಕಲ್ಲಿನ ಚಪ್ಪಡಿ, ಅಂದರೆ ಫರ್ಸಿ, ಹಾಸಿ ವರ್ಷದಿಂದ ವರ್ಷಕ್ಕೆ ದೊಡ್ಡವರಾದರು. ಬಸವಣಪ್ಪನವರು ಪ್ರತಿ ದೀಪಾವಳಿಗೆ, "ಈ ಸಲ ಫರ್ಸಿ ಹಾಕಸೇಬಿಡ್ತೀನಿ" ಅನ್ನುತ್ತಿದ್ದರು. ಪ್ರತಿ ಸಂಕ್ರಾಂತಿಗೆ, "ಹುಡುಗರು ಎಲ್ಲಿ ಹೋಗ್ತಾರ ಪಾಪ" ಅನ್ನುತ್ತಿದ್ದರು. ಹಾಗೆ ಅನ್ನುತ್ತಲೇ ಜಯಮಾಲಾ ಬಂದ ಎರಡನೇ ವರ್ಷಕ್ಕೆ ಲಿಂಗೈಕ್ಯರಾದರು. ಮಿಲ್ಲು, ಜೀಪು, ಕ್ಲಬ್ಬು ಮೂರೂ ಓಂಪ್ರಕಾಶನ ಹೆಗಲಿಗೆ ಬಂದವು. ಮೊದಲಿನೆರಡು ಮೂರನೆಯದನ್ನು ಸಾಕಬೇಕು ಎನ್ನುವುದು ಅವನಿಗೆ ಅಪ್ಪ ಬಿಟ್ಟುಹೋದ ವ್ರತದಂತೆ ಕಂಡಿತು.

ಸಾಕುವುದೆಂದರೆ ಬೂಟು, ಚೆಂಡು, ಜೀಪಿನ ಡೀಸೆಲ್ಲು ಮಾತ್ರವಲ್ಲ. ಆಡಿ ಬಂದ ಹುಡುಗರಿಗೆ ಧಣಿಯ ಮನೆಯಲ್ಲೇ ಊಟ. ಗೋಲು ಕಾಯುವ ಹುಸೇನ, ಅವನ ಅಂಗಡಿ ಪಂಕ್ಚರಿನದು. ಮೋರಖಂಡಿಯಿಂದ ಬಂದು ಊರಲ್ಲಿ ಅಕ್ಕನ ಮನೆಯಲ್ಲಿದ್ದ ಸಂಘಪಾಲ, ಕಾಲಿಗೆ ಚೆಂಡು ಅಂಟಿಸಿಕೊಂಡೇ ಹುಟ್ಟಿದವನ ಹಾಗೆ ಓಡುವವ. ಇನ್ನುಳಿದವರು ಹಮಾಲರ, ರೈತರ, ಅಂಗಡಿಕಾರರ ಮಕ್ಕಳು. ಎಲ್ಲರೂ ಒಂದೇ ಪಂಕ್ತಿ. ಅದು ಸುಂದರಬಾಯಿಯವರ ಕಟ್ಟಪ್ಪಣೆ. ಜಯಮಾಲಾ ಜೋಳದ ಹಿಟ್ಟಿನ ಬುಟ್ಟಿಯ ಮುಂದೆ ನಿಟ್ಟುಸಿರಿಟ್ಟರೆ ಸಾಕು, ಅತ್ತೆ ಶುರುಮಾಡುತ್ತಿದ್ದರು.

"ಯಾಕ, ಕೈ ಸೋತಾವಾ? ಕಲ್ಯಾಣದ ಹುಡುಗಿ ಇದ್ದಿ, ದಾಸೋಹ ನಿನಗ ನಾ ಕಲಿಸ್ಬೇಕಾ?"

ಕಲ್ಯಾಣದವಳಾಗಿ ಹುಟ್ಟಿದ ತಪ್ಪಿಗೆ ಜಯಮಾಲಾ ಎರಡೂ ಕೈಯಿಂದ ರೊಟ್ಟಿ ಬಡಿದಳು. ಬಡಿದೂ ಬಡಿದೂ ಅವಳಿಗೆ ಒಂದು ಸಂಗತಿ ತಿಳಿಯಿತು. ತಂಡ ಗೆದ್ದ ದಿನ ಬಜಾರಿನಲ್ಲಿ ಜನ "ನಮ್ಮ ಕ್ಲಬ್" ಅನ್ನುತ್ತಿದ್ದರು. ಸೋತ ದಿನ "ಓಂಪ್ರಕಾಶನ ಕ್ಲಬ್" ಅನ್ನುತ್ತಿದ್ದರು. ಚಂದಾ ಕೇಳಲು ಹೋದರೆ ಗೆದ್ದ ದಿನವೂ ಅದು ಓಂಪ್ರಕಾಶನದೇ.

ಸಂಘಕ್ಕೆ ಪದಾಧಿಕಾರಿಗಳು ಬೇಕು ಅಂದಾಗ ಬಜಾರಿನ ಯಾರೂ ಹೆಸರು ಕೊಡಲಿಲ್ಲ. ಓಂಪ್ರಕಾಶ ಅಡಿಗೆಮನೆಗೆ ಬಂದು ಕಾಗದ ಹಿಡಿದು, "ಖಜಾಂಚಿ ಅಂತ ನಿನ್ನ ಹೆಸರು ಹಾಕೀನಿ ಜಯಾ. ಇಲ್ಲೊಂದು ಸಹಿ" ಅಂದ.

"ಖಜಾನೆ ಎಲ್ಲದರಿ?"

"ಸಹಿ ಮಾಡಂದ್ರ ಮಾಡ."

ಹಿಟ್ಟಿನ ಕೈಯಲ್ಲೇ ಸಹಿ ಹಾಕಿದಳು. ಮುಂದೆ ವರ್ಷಕ್ಕೊಮ್ಮೆ ಅವನು ಬೆರಳಿಟ್ಟು ತೋರಿಸಿದಲ್ಲಿ ಹಾಗೆಯೇ ಹಾಕುತ್ತ ಬಂದಳು.

ಮಗಳು ಅನುರಾಧಾಗೆ ವರ್ಷ ತುಂಬುವ ಮೊದಲೇ ಒಂದು ಸಲ ಎದೆಯಲ್ಲಿ ಕಫ ಕಟ್ಟಿತು. ಬೆಳಗಿನ ಹೊತ್ತು ಸುಮ್ಮನೆ ಕೆಮ್ಮುತ್ತಿದ್ದ ಕೂಸು ಮಧ್ಯಾಹ್ನಕ್ಕೆ ಹಾಲು ಬಿಟ್ಟಿತು. ಅಂಗಿ ಎತ್ತಿ ನೋಡಿದರೆ ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗುತ್ತಿತ್ತು. ಜಯಮಾಲಾ ಅಂಗಳಕ್ಕೆ ಓಡಿದಳು. ಜೀಪು ಇರಲಿಲ್ಲ. ಗುಲ್ಬರ್ಗಾದಲ್ಲಿ ಪಂದ್ಯ, ತಂಡವನ್ನೆಲ್ಲ ತುಂಬಿಕೊಂಡು ಗಂಡ ಹೋಗಿದ್ದ. ಹತ್ತಿರದ ಡಾಕ್ಟರರ ಬಾಗಿಲಿಗೆ ಬೀಗ. ಕೂಸು ಬಿಟ್ಟು ಬಿಟ್ಟು ನರಳುತ್ತಿತ್ತು. ನರಳಿದರೆ ಭಯ, ಸುಮ್ಮನಾದರೆ ಇನ್ನೂ ಭಯ. ತವರಿನ ಡಾಕ್ಟರೇ ಗತಿ ಎಂದು, ಗಂಡ ಬಂದರೆ ಹೇಳಲು ಅತ್ತೆಯನ್ನು ಮನೆಯಲ್ಲಿ ಬಿಟ್ಟು, ಮಗುವನ್ನು ಸೆರಗಿನೊಳಗೆ ಸುತ್ತಿಕೊಂಡು ಬಸವಕಲ್ಯಾಣದ ಬಾಡಿಗೆ ಟ್ರ್ಯಾಕ್ಸ್ ಹತ್ತಿದಳು.

ಹೆದ್ದಾರಿಯ ಪ್ರತಿ ಕ್ರಾಸಿನಲ್ಲೂ ಗಾಡಿ ನಿಂತಿತು. ಮಂದಿ ಹತ್ತಿದರು, ಇಳಿದರು, ಕೋಳಿಯ ಬುಟ್ಟಿಯೊಂದು ಹತ್ತಿತು. ಅವಳು ನಿಮಿಷಕ್ಕೊಮ್ಮೆ ಮಗುವಿನ ಮೂಗಿನ ಮುಂದೆ ಬೆರಳು ಹಿಡಿಯುತ್ತಿದ್ದಳು. ಎದುರು ಕೂತ ಮುದುಕಿಗೆ ನೋಡಲಾಗಲಿಲ್ಲ.

"ಯಾರ ಮನೀ ಹೆಣ್ಮಗಳವ್ವಾ? ಒಬ್ಬಾಕೇ ಹೊಂಟೀಯಲ್ಲ, ಗಂಡ ಎಲ್ಲಿ?"

"ಕ್ಲಬ್ಬಿಗಿ ಹೋಗ್ಯಾರ" ಎಂದು ಬಾಯಿಂದ ಬಂದುಬಿಟ್ಟಿತು.

ಮುದುಕಿ ತಲೆತಲೆ ಬಡಿದುಕೊಂಡಳು. "ಹಾಳಾಗ್ಲಿ ಆ ಇಸ್ಪೀಟು! ಕೂಸು ಹಿಂಗ ಬಿದ್ದಾಗೂ ಎಲೀ ಹಿಡೀಲಾಕ ಹ್ಯಾಂಗ ಮನಸು ಬರ್ತದ ಇವ್ಕ?"

"ಅಲ್ಲವ್ವಾ, ಕ್ಲಬ್ ಅಂದ್ರ ಅದಲ್ಲ... ಚೆಂಡಿನ ಕ್ಲಬ್" ಎಂದು ಜಯಮಾಲಾ ಹೇಳಲು ಹೋದಳು. ಹೇಳುತ್ತ ಹೇಳುತ್ತ ಅವಳಿಗೇ ಅನ್ನಿಸಿತು, ಆದರೇನು ವ್ಯತ್ಯಾಸ? ಮಗುವಿನ ಪಕ್ಕೆಗೆ ಎಲೆಯೂ ಒಂದೇ, ಚೆಂಡೂ ಒಂದೇ.

ಮಗು ಉಳಿಯಿತು. ಮೂರನೆಯ ಸೂಜಿಗೆ ಬೆವರಿ, ಹಾಲಿಗೆ ಬಾಯಿ ಹಾಕಿತು. ಸಂಜೆ ಓಂಪ್ರಕಾಶ ಆಸ್ಪತ್ರೆಗೆ ಓಡೋಡಿ ಬಂದ. ಅವನ ಹಿಂದೆ ಹುಸೇನ, ಸಂಘಪಾಲ, ಇನ್ನೂ ಕೆಸರು ಮೆತ್ತಿದ ಜರ್ಸಿಯಲ್ಲೇ. ಓಂಪ್ರಕಾಶನ ಕೈಯಲ್ಲೊಂದು ಬೆಳ್ಳಿ ಬಣ್ಣದ ಕಪ್ಪು ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಕಡೆಗೆ ಮಂಚದ ಕೆಳಗೆ, ಮಲದ ಪಾತ್ರೆಯ ಪಕ್ಕಕ್ಕೆ ಸರಿಸಿದ. ಜಯಮಾಲಾ ಮಗುವಿನ ಹೊದಿಕೆ ಸರಿಮಾಡಿದಳು. ಗಂಡನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಟ್ಟುಕೊಂಡಿದ್ದಳು. ಹುಸೇನ ಮಾತ್ರ ಬಾಗಿಲಲ್ಲೇ ನಿಂತು ಅಳುತ್ತಿದ್ದ. "ಭಾಬೀ, ನಮಗ ಗೊತ್ತಿದ್ರ ಹೋಗ್ತಿದ್ದಿಲ್ಲರಿ" ಅನ್ನುತ್ತಿದ್ದ. ಅವನನ್ನು ಹೇಗೆ ಬೈಯುವುದು?

ಇದಾದ ಮೇಲೆ ಕ್ಲಬ್ಬು ಚಿಕ್ಕದಾಗಬೇಕಿತ್ತು. ಮನೆಗೆ ಕೇಬಲ್ ಟಿವಿ ಬಂತು, ಕ್ಲಬ್ಬು ದೊಡ್ಡದಾಯಿತು. ಓಂಪ್ರಕಾಶ ದೂರದ ದೇಶದ ಪಂದ್ಯಗಳನ್ನು ನೋಡತೊಡಗಿದ. ಆಟದ ನಡುವೆ ಕ್ಯಾಮರಾ ಮೇಲೆ ಹೋಗಿ ಗಾಜಿನ ಕೋಣೆಯಲ್ಲಿ ಕೋಟು ಹಾಕಿ ಕೂತ ಒಬ್ಬನನ್ನು ತೋರಿಸುತ್ತಿತ್ತು. "ನೋಡ, ಇಂವ ಮಾಲಕ" ಅನ್ನುತ್ತಿದ್ದ ಓಂಪ್ರಕಾಶ, ಸೋದರಿಕೆಯ ಮನುಷ್ಯನನ್ನು ಗುರುತಿಸಿದವನಂತೆ. ನಮ್ಮ ದೇಶದಲ್ಲೂ ದೊಡ್ಡ ಲೀಗು ಶುರುವಾಯಿತು. ಆಟಗಾರರ ಎದೆಯ ಮೇಲೆ ಕಂಪನಿಗಳ ಹೆಸರು ಬಂದವು. ಹಾಗಾದರೆ ನಮಗೂ ಒಬ್ಬ ಸ್ಪಾನ್ಸರ್ ಬೇಕು ಎಂದು ಅವನು ಬಜಾರು ಅಲೆದ. ಗೊಬ್ಬರದ ಅಂಗಡಿಯವರು ಚಹಾ ಕುಡಿಸಿ ಕಳಿಸಿದರು. ಕೊನೆಗೆ ಬೋರ್‌ವೆಲ್ ಗಾಡಿ ಇಟ್ಟಿದ್ದ ನಬೀಸಾಬ್ ಒಪ್ಪಿದ. ಅವನದೊಂದೇ ಕರಾರು: ಬೆನ್ನ ಮೇಲೆ ತನ್ನ ಫೋನ್ ನಂಬರು ಇರಬೇಕು.

ಜರ್ಸಿ ಸೋಲಾಪುರದಿಂದ ಹೊಲಿಸಿ ಬಂದವು. ಎದೆಯ ಮೇಲೆ ನೀರು ಚಿಮ್ಮುವ ಚಿತ್ರ, ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಫೋನ್ ನಂಬರು. ಬೀದರಿನ ಟೂರ್ನಮೆಂಟಿನಲ್ಲಿ ರೆಫರಿ ತಂಡವನ್ನು ಸಾಲಾಗಿ ನಿಲ್ಲಿಸಿ ಬೆನ್ನು ನೋಡಿದವನೇ ತಬ್ಬಿಬ್ಬಾದ. ಎಲ್ಲರ ಬೆನ್ನ ಮೇಲೂ ಒಂದೇ ನಂಬರು!

"ಇವ್ರಾಗ ಫೌಲ್ ಮಾಡ್ದಾಂವ ಯಾರಂತ ನಾ ಹ್ಯಾಂಗ ಬರೀಲಿ?" ಎಂದು ರೆಫರಿ ಕೂಗಾಡಿದ.

"ಫೋನ್ ಹಚ್ಚಿ ಕೇಳ್ರಿ ಸಾಹೇಬ್ರ, ನಬೀಸಾಬ್ ಹೇಳ್ತಾನ" ಎಂದ ಹುಸೇನ.

ಆಟ ನೋಡಲು ಮಗಳನ್ನು ಕರೆದುಕೊಂಡು ಮೊದಲ ಸಲ ಬಂದಿದ್ದ ಜಯಮಾಲಾ ಆವತ್ತು ಆಟ ನೋಡಲಿಲ್ಲ. ಮೈದಾನದ ಗೋಡೆಗೆ ಒರಗಿ ಕೂತು, ಯಾರೋ ಎಲ್ಲಿಂದಲೋ ತಂದುಕೊಟ್ಟ ಬಿಳಿ ಬಟ್ಟೆಯಲ್ಲಿ ಅಂಕಿಗಳನ್ನು ಕತ್ತರಿಸಿ ಒಬ್ಬೊಬ್ಬರ ಬೆನ್ನಿಗೆ ಹೊಲಿದಳು. ಹುಡುಗರು ಅಂಗಿ ಕಳಚದೆ ಅವಳ ಮುಂದೆ ಬಾಗಿ ನಿಂತಿದ್ದರು. "ವೈನೀ, ಸೂಜಿ ಬೆನ್ನಿಗಿ ಹೋತು" ಎಂದು ಸಂಘಪಾಲ ಕುಣಿದ. "ಹೋಗ್ಲಿ ಬಿಡು, ನಿನ್ನ ಚರ್ಮಕ್ಕೇ ನಂಬರ್ ಹಚ್ಚಿದ್ರ ವರ್ಷಾ ವರ್ಷಾ ಹೊಲಿಯೋದು ತಪ್ತದ" ಅಂದಳು ಅವಳು. ನಬೀಸಾಬನಿಗೆ ಸಿಟ್ಟು ಬಂತು. ತನ್ನ ಫೋನ್ ನಂಬರು ಮುಚ್ಚಿದರೆಂದು ಮರುವರ್ಷ ಕೈ ಎತ್ತಿದ.

ಆದರೆ ಅಷ್ಟರಲ್ಲಿ ಓಂಪ್ರಕಾಶ ಹೈದರಾಬಾದಿನಿಂದ ಇಬ್ಬರು ಬಾಡಿಗೆ ಆಟಗಾರರನ್ನು ಕರೆಸಿಯಾಗಿತ್ತು. ಗೆದ್ದರೆ ತಾನೇ ಸ್ಪಾನ್ಸರ್ ಬರುವುದು, ಬಾಡಿಗೆಯವರಿದ್ದರೆ ತಾನೇ ಗೆಲ್ಲುವುದು ಎಂಬುದು ಅವನ ತರ್ಕ. ಬಂದವರಿಗೆ ತಿಂಗಳ ಪಗಾರ, ಮೇಲಟ್ಟದ ಕೋಣೆ. ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ದಿನಾ ಮೊಟ್ಟೆ ಬೇಕು. ಲಿಂಗ ಕಟ್ಟಿದ ಮನೆಗೆ ಮೊಟ್ಟೆ ಹೇಗೆ ಬಂದೀತು? ಹುಸೇನ ತಗಡಿನ ಕೋಣೆಯಲ್ಲಿ ಸ್ಟೋವ್ ಹಚ್ಚಿದ. ಸುಂದರಬಾಯಿ ಒಂದು ದಿನ ಹಿತ್ತಲಲ್ಲಿ ನಿಂತು ಮೂಗು ಎತ್ತಿದರು.

"ಅದೇನೋ ಹುಸೇನಾ, ಒಳಗ ಕುದಿಯಾಕತ್ತದ?"

"ಆಲೂಗಡ್ಡಿ ರಿ ಅಮ್ಮಾ."

"ಹೂಂ. ಬೆಳ್ಳಗ, ಉದ್ದಗುಂಡಗ ಅವ. ಸಿಪ್ಪಿ ಒಡದು ಸುಲ್ಯಾಕತ್ತೀ. ಆಲೂಗಡ್ಡೀನೇ ಇರಬೇಕು ತಗೋ" ಎಂದು ಒಳಗೆ ಬಂದರು.

ಮನೆಯಲ್ಲಿ ನಗು ಬಂದದ್ದು ಅದೇ ಕೊನೆ. ಬಾಡಿಗೆಯವರ ಪಗಾರ ಮೊದಲು ಮಿಲ್ಲಿನ ಗಲ್ಲಾಪೆಟ್ಟಿಗೆಯಿಂದ ಹೋಯಿತು, ಆಮೇಲೆ ತೊಗರಿ ಕೊಳ್ಳಲು ಬ್ಯಾಂಕಿನಿಂದ ತಂದ ಸಾಲದಿಂದ. ಹಂಗಾಮಿನಲ್ಲಿ ಉಳಿದ ಮಿಲ್ಲುಗಳ ಮುಂದೆ ಗಾಡಿ ಸಾಲುಗಟ್ಟಿದರೆ ಇವರ ಮಿಲ್ಲಿನ ಮುಂದೆ ನಾಯಿ ಮಲಗಿತು. ಒಂದು ದಿನ ಸಂಘಪಾಲ ಅಂಗಳಕ್ಕೆ ಬಂದು ನಿಂತ. ಚಪ್ಪಲಿ ಬಿಡಲಿಲ್ಲ, ಒಳಗೆ ಬರುವವನಲ್ಲ ಎಂದು ಅದರಿಂದಲೇ ತಿಳಿಯಿತು.

"ಅಣ್ಣಾರೆ, ತತ್ತಿ ಅವರಿಗಿ, ಒದಿ ನಮಗಾ? ಊರಾಗಿನ ಹುಡುಗ್ರು ಬಸ್ಸಿನ ರೊಕ್ಕ ಕೇಳಿದ್ರ, ಕ್ಲಬ್ ನಿಮ್ಮದೇ ಅದ ಅಂತೀರಿ. ನಂದಿದ್ರ ನಾ ಯಾಕ ಪರ ಊರಾಗ ಉಪಾಸ ಇರ್ತಿದ್ದೆ?"

ಸಂಘಪಾಲ ಸೋಲಾಪುರದ ಒಂದು ತಂಡಕ್ಕೆ ಹೋದ. ಎರಡು ಮಳೆಗಾಲ ಕಳೆದು ಮೊಣಕಾಲು ಮುರಿದುಕೊಂಡು ಬಂದ. ಪಗಾರ ಬಾಕಿ ಉಳಿದಿದ್ದ ಬಾಡಿಗೆಯವರು ಅಷ್ಟರಲ್ಲಿ ಹೇಳದೆ ಕೇಳದೆ ಹೋಗಿದ್ದರು. ಮೇಲಟ್ಟದ ಕೋಣೆಯ ಫ್ಯಾನು ಕೂಡ ಅವರ ಜೊತೆಗೇ ಹೋಗಿತ್ತು. ಸಂಘಪಾಲನನ್ನು ಮಿಲ್ಲಿನಲ್ಲಿ ತೂಕಕ್ಕೆ ಹಾಕೋಣ ಎಂದವಳು ಜಯಮಾಲಾ. ಅವನು ಕುಂಟುತ್ತ ಬಂದು ಕಾಟಾದ ಮುಂದೆ ಕೂತ. ತೂಗಲು ಮಾಲು ಮಾತ್ರ ಕಡಿಮೆ ಇತ್ತು.

ಆ ಹೊತ್ತಿಗೆ ಜಯಮಾಲಾ ನಿಜವಾಗಿ ದಣಿದಿದ್ದಳು. ಅಡುಗೆಯಿಂದ ದಣಿದದ್ದಲ್ಲ. ಬೆಳಿಗ್ಗೆ ಎದ್ದು ಗಂಡನ ಮುಖ ನೋಡಿ ಇವತ್ತು ಯಾರು ಬಾಗಿಲಿಗೆ ಬರುತ್ತಾರೆ ಎಂದು ಅಂದಾಜು ಮಾಡುವುದರಿಂದ. ಅನುರಾಧಾ ಹೈಸ್ಕೂಲಿಗೆ ಬಂದಿದ್ದಳು. ಅವಳ ಫೀ, ಅವಳ ಕೆಮ್ಮು, ಅವಳು ಟ್ಯೂಷನ್‌ನಿಂದ ಬರಲು ತಡವಾದರೆ ಬಾಗಿಲಿಗೂ ಬೀದಿಗೂ ಅಲೆದಾಟ. ಇದೊಂದು ಕ್ಲಬ್ಬು ಹೇಗಾದರೂ ತೊಲಗಲಿ, ಯಾರಾದರೂ ಪುಣ್ಯಾತ್ಮರು ಬಂದು ಒಯ್ಯಲಿ ಎಂದು ದೇವರ ಮುಂದೆ ದೀಪ ಹಚ್ಚುವಾಗಲೂ ಅವಳ ತುಟಿಗೆ ಬರುತ್ತಿತ್ತು.

ಪುಣ್ಯಾತ್ಮ ಬಂದ. ಹೆಸರು ಸಂಜೀವಕುಮಾರ, ಬಿಳಿ ಕಾರು, ಕೈಯಲ್ಲಿ ಪೇಡೆಯ ಡಬ್ಬಿ. ಬಂದವನೇ ಸುಂದರಬಾಯಿಯವರ ಕಾಲಿಗೆ ಬಿದ್ದು, ಜಯಮಾಲಾಳ ಕಡೆ ತಿರುಗಿ ನಕ್ಕ.

"ಜಯಕ್ಕ, ನಾ ಕಲ್ಯಾಣದಾಂವ. ನಿಮ್ಮ ತವರಿನ ತಮ್ಮ ಅನ್ಕೋರಿ."

ಪಡಸಾಲೆಯಲ್ಲಿ ಓಂಪ್ರಕಾಶನೊಡನೆ ಮಾತು ನಡೆಯಿತು. ಜಯಮಾಲಾ ಚಹಾ ಸೋಸುತ್ತ ಕೇಳಿಸಿಕೊಂಡಳು. ಸಂಜೀವಕುಮಾರ ಕ್ಲಬ್ಬು ಕೊಳ್ಳುತ್ತಾನಂತೆ! ಬ್ಯಾಂಕಿನ ಬಾಯಿ ಮುಚ್ಚಿಸುವಷ್ಟು ಕೊಡುತ್ತಾನಂತೆ.

"ಮೈದಾನ ನಿಮಗೇ ಇರ್ಲಿ ಅಣ್ಣಾರೆ" ಸಂಜೀವಕುಮಾರ ಹೇಳುತ್ತಿದ್ದ. "ಹುಡುಗರೂ ನಿಮಗೇ, ಕಪ್ಪೂ ನಿಮಗೇ. ನನಗ ಬರೇ ಹೆಸರು ಬೇಕು. ಸಂಘದ ಹಳೇ ನೋಂದಣಿ ಅದಲ್ಲ, ಅದು."

"ಹೆಸರು ತಗೊಂಡು ಏನ್ ಮಾಡ್ತೀರಿ?" ಓಂಪ್ರಕಾಶನ ದನಿ ಸಣ್ಣಗಿತ್ತು.

"ಹೆದ್ದಾರಿ ಮ್ಯಾಲ ಒಂದು ಹಾಲ್ ತಗೊಂಡೀನಿ. ಏಸಿ ಹಾಕಸ್ತೀನಿ. ಮಂದಿ ಬರ್ತಾರ, ಕುಂದರ್ತಾರ, ನಾಕು ಕೈ ರಮ್ಮಿ ಆಡ್ತಾರ. ಹೊಸಾ ಸಂಘ ಅಂದ್ರ ನೂರಾ ಎಂಟು ಪ್ರಶ್ನೆ ಕೇಳ್ತಾರ. ಹಳೇ ಸಂಘ, ಒಳ್ಳೇ ಮನೀ ಹೆಸರು ಇದ್ರ ಯಾರೂ ಬಾಗಲಾ ಬಡಿಯಂಗಿಲ್ಲ. ಅದೂ ಆಟನೇ, ಇದೂ ಆಟನೇ. ಆಟದಾಗ ಮೇಲು ಕೀಳು ಏನ್ರಿ?"

ಓಂಪ್ರಕಾಶ ಸಂಜೀವಕುಮಾರ ತಂದ ಕಾಗದವನ್ನು ಹತ್ತಿರ ಎಳೆದುಕೊಂಡ. ಆಮೇಲೆ ಒಳಗೆ ಕೂಗಿದ. "ಜಯಾ, ಬಾ. ಖಜಾಂಚಿ ಸಹಿ ಬೇಕು."

ಚಹಾ ಕೊಟ್ಟು ಬಂದು ಅವಳು ಕಣಕ ನಾದುತ್ತಿದ್ದಳು. ಎದ್ದು ಬಂದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ಉಗುರಿನ ಸಂದಿಯ ಹಿಟ್ಟನ್ನೂ ತೆಗೆದಳು. ಸೆರಗಿಗೆ ಒರೆಸಿಕೊಂಡು ಪಡಸಾಲೆಗೆ ಬಂದಳು. ಗಂಡ ತಲೆ ಎತ್ತಲಿಲ್ಲ. ಎಂದಿನ ಜಾಗದಲ್ಲಿ ಬೆರಳಿಟ್ಟಿದ್ದ. ಪೆನ್ನು ತೆಗೆದುಕೊಂಡಳು. ಒಂದು ಗೆರೆ ಎಳೆದರೆ ಮುಗಿಯಿತು. ಅವಳು ಬೇಡಿದ್ದೂ ಅದೇ.

"ಅನುಗ ಮುಂದ ಗಂಡಿನವರು ನೋಡ್ಲಾಕ ಬರ್ತಾರ" ಅಂದಳು, ಯಾರಿಗೋ ಎಂಬಂತೆ.

"ಈಗ್ಯಾಕ ಅದು?" ಓಂಪ್ರಕಾಶ ಅಂದ.

"ಬಂದವರು ಕೇಳ್ತಾರ, ಹುಡುಗಿ ಅಪ್ಪಗ ಏನದ ಅಂತ. ಒಂದು ಕ್ಲಬ್ ಅದ ಅನ್ಬೇಕು."

ಸಂಜೀವಕುಮಾರ ನಗಲು ನೋಡಿದ. "ಅಯ್ಯ ಅಕ್ಕಾ, ಈಗಿನ ಕಾಲದಾಗ ಯಾರು..."

"ನೀವು ಸುಮ್ಮಿರ್ರಿ ತಮ್ಮಾ. ತವರಿನವ ಅಂದೀರಿ, ಅದಕ್ಕ ನಿಮಗ ತಿಳೀತದ ಅಂತ ಹೇಳ್ತೀನಿ. ನನ್ನ ನೋಡ್ಲಾಕ ಬಂದ ದಿವಸದಿಂದ ಇವತ್ತಿನ ತನಕಾ, ಕ್ಲಬ್ ಅಂದ್ರ ಅದಲ್ಲರಿ, ಅದಲ್ಲರಿ ಅಂತ ಹೇಳಿ ಹೇಳಿ ನನ್ನ ಬಾಯಿ ಬತ್ಯದ. ಗಾಡ್ಯಾಗ ಹೇಳೀನಿ, ಆಸ್ಪತ್ರ್ಯಾಗ ಹೇಳೀನಿ, ಮಗಳ ಸಾಲ್ಯಾಗ ಹೇಳೀನಿ. ಇದೊಂದು ಸಹಿ ಮಾಡಿದ್ರ ನಾಳಿಂದ, ಹೌದ್ರಿ, ಅದೇ, ಅಂತ ಹೇಳ್ಬೇಕು. ಮಾಡಿದ ರೊಟ್ಟಿ ಹೋಗ್ಲಿ. ಆಡಿದ ಮಾತು ಹ್ಯಾಂಗ ನುಂಗ್ಲಿ?"

ಪೆನ್ನನ್ನು ಪೇಡೆಯ ಡಬ್ಬಿಯ ಮೇಲಿಟ್ಟಳು. ಓಂಪ್ರಕಾಶನ ಮುಖ ಕಪ್ಪಾಯಿತು.

"ಮತ್ತ ಬ್ಯಾಂಕಿಗಿ ಏನ್ ಹೇಳ್ಲಿ? ಮಿಲ್ ಮುಚ್ಲಾ?"

"ಫರ್ಸಿ ಹಾಕಸ್ರಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಹೊಡೆತ ತಿಂದವನಂತೆ ನೋಡಿದ. "ಫರ್ಸಿ ಹಾಕಿದ್ರ ಮೈದಾನ ಹೋತು, ಜಯಾ."

"ಹೋಗ್ಲಿ."

"ಅಪ್ಪನ ಕ್ಲಬ್..."

ಮೂಲೆಯಲ್ಲಿ ಕೂತಿದ್ದ ಸುಂದರಬಾಯಿ ಕಣ್ಣು ತೆರೆಯದೆಯೇ ಅಂದರು. "ನಿಮ್ಮಪ್ಪನೂ ವರ್ಷಾ ಫರ್ಸಿ ಹಾಕಸ್ತೀನಂತಿದ್ದ. ಆಕಿ ಹಾಕಸ್ಲಿ ಬಿಡು. ಸತ್ತದ್ದನ್ನ ಮಣ್ಣು ಮಾಡಬೇಕು, ಸಿಂಗಾರ ಮಾಡಿ ಮಾರಬಾರದು."

ಸಂಜೀವಕುಮಾರ ಎದ್ದ. ಪೇಡೆಯ ಡಬ್ಬಿ ಮರೆತು ಹೋದನೋ ಬಿಟ್ಟು ಹೋದನೋ, ಯಾರೂ ಅದನ್ನು ಮುಟ್ಟಲಿಲ್ಲ; ಮೂರು ದಿನಕ್ಕೆ ಇರುವೆ ಮುತ್ತಿತು.

ಆ ಬೇಸಿಗೆಯಲ್ಲಿ ಶಹಾಬಾದಿನಿಂದ ಕಲ್ಲಿನ ಲಾರಿ ಬಂದಿತು. ತೊಗರಿ ಒಣಗಿಸುವ ಅಂಗಳ ಮಾಡುತ್ತಾರೆಂದು ತಿಳಿದ ಮೇಲೆ ಬ್ಯಾಂಕಿನವರು ಸಾಲದ ಬಿಗಿ ಒಂದಿಷ್ಟು ಸಡಿಲಿಸಿದರು. ಕೊನೆಯ ಪಂದ್ಯ, ಹಾರ, ಭಾಷಣ ಏನೂ ಆಗಲಿಲ್ಲ. ಕಬ್ಬಿಣದ ಕಂಬಗಳನ್ನು ಕಿತ್ತು ಮಿಲ್ಲಿನ ಚಪ್ಪರಕ್ಕೆ ಹಾಕಿದರು. ಬಲೆಯನ್ನು ಹುಸೇನ ಮೇಕೆಗಳ ದೊಡ್ಡಿಗೆ ಕಟ್ಟಲು ಒಯ್ದ. ಒಯ್ಯುವಾಗ, "ಭಾಬೀ, ನಾ ಇದ್ದಾಗ ಇದರಾಗ ಚೆಂಡು ಬಾಳ ಹೋಗಿದ್ದಿಲ್ಲ, ಮೇಕಿನೂ ಹೋಗಂಗಿಲ್ಲ" ಎಂದು ನಗಿಸಲು ನೋಡಿದ. ನೀರು ಚಿಮ್ಮುವ ಜರ್ಸಿಗಳು ಒರೆಸುವ ಬಟ್ಟೆಯಾದವು. ಬಟ್ಟೆಯ ಅಂಕಿಗಳು ಉದುರಿ ಅವುಗಳಡಿಯಿಂದ ಫೋನ್ ನಂಬರು ಮತ್ತೆ ಕಾಣತೊಡಗಿತು.

ಓಂಪ್ರಕಾಶ ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟ. ಮಾತು ಕಡಿಮೆಯಾಯಿತು. ಟಿವಿಯಲ್ಲಿ ಆಟ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಹೆಂಡತಿಯ ಮೇಲೆ ಸಿಟ್ಟೋ, ತನ್ನ ಮೇಲೆಯೋ, ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತು ಎಂಬ ಹೆದರಿಕೆ. ಮರು ಹಂಗಾಮಿನಲ್ಲಿ ತೊಗರಿ ಚೆನ್ನಾಗಿ ಬಂತು. ಫರ್ಸಿಯ ತುಂಬ ಕಾಳು ಹರವಿದರು. ಹರವಿದ ಕಾಳನ್ನು ಆಗಾಗ ಬರಿಗಾಲಿನಿಂದ ಸಾಲುಸಾಲಾಗಿ ತಿರುವಬೇಕು. ಒಂದು ಮಧ್ಯಾಹ್ನ ಆಳು ಸಾಲದೆ ಸಂಘಪಾಲ ಒಬ್ಬನೇ ಕುಂಟುತ್ತ ತಿರುವುತ್ತಿದ್ದ. ಜಯಮಾಲಾ ಕಿಟಕಿಯಿಂದ ನೋಡುತ್ತಿರುವಂತೆ ಓಂಪ್ರಕಾಶ ಹಿತ್ತಲಿಗೆ ಇಳಿದ, ಚಪ್ಪಲಿ ಬಿಟ್ಟ, ಸಂಘಪಾಲನ ಪಕ್ಕದ ಸಾಲು ಹಿಡಿದ. ಇಬ್ಬರೂ ಮಾತಿಲ್ಲದೆ ಕಾಲೆಳೆಯುತ್ತ ಆ ತುದಿಗೆ ಹೋದರು. ಕಂಬವಿದ್ದ ಜಾಗ ಬಂದಾಗ ಇಬ್ಬರೂ ಒಂದು ಕ್ಷಣ ನಿಂತರು. ಮತ್ತೆ ತಿರುಗಿ ಈ ತುದಿಗೆ ಬಂದರು. ಅವಳು ಕಿಟಕಿ ಬಿಟ್ಟು ಹಿಟ್ಟಿಗೆ ನೀರು ಕುದಿಯಲು ಇಟ್ಟಳು. ಈಗ ಮನೆಯ ಮಂದಿಗಷ್ಟೇ ರೊಟ್ಟಿ. ಆದರೂ ಕೈ ರೂಢಿ ತಪ್ಪದೆ ಬಹಳ ದಿನ ಹೆಚ್ಚಾಗುತ್ತಿದ್ದವು. ಉಳಿದದ್ದನ್ನು ಸಂಘಪಾಲ ಕಟ್ಟಿಕೊಂಡು ಹೋಗುತ್ತಿದ್ದ.

ಹೆಸರು ಮಾತ್ರ ಹೋಗಲಿಲ್ಲ. ಊರಿಗೆ ಅದು ಕ್ಲಬ್ಬಿನವರ ಮನೆಯೇ. ಅನುರಾಧಾ ಬಸವಕಲ್ಯಾಣದಲ್ಲಿ ಕಾಲೇಜು ಸೇರಿದ ವರ್ಷ ಜಯಮಾಲಾ ಅವಳನ್ನು ಬಿಟ್ಟು ಬರಲು ಟ್ರ್ಯಾಕ್ಸ್ ಹತ್ತಿದಳು. ಮಗಳು ಕಿಟಕಿಯ ಪಕ್ಕ, ತಾಯಿ ಅವಳ ಪಕ್ಕ. ಮಗಳಿಗೆ ಗಾಳಿ ಹೊಡೆಯುತ್ತದೆಂದು ನಾಲ್ಕು ಸಲ ಪರದೆ ಎಳೆದಳು. ಮುಡಬಿಗೆ ಹೋಗುವ ಹೆಂಗಸೊಬ್ಬಳು ಇವರನ್ನೇ ನೋಡುತ್ತಿದ್ದಳು.

"ಎಲ್ಲಿಯವರ್ರಿ ನೀವು?"

"ಹುಮನಾಬಾದ್. ಓಂಪ್ರಕಾಶಾವರ ಮನಿ."

"ಯಾವ, ಕ್ಲಬ್ ಓಂಪ್ರಕಾಶಾವರಾ?" ಹೆಂಗಸು ಮಗಳನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಇಸ್ಪೀಟಿಂದೇನ್ರಿ?"

ಅನುರಾಧಾ ಥಟ್ಟನೆ ತಿರುಗಿದಳು. ಜಯಮಾಲಾ ಮಗಳ ಕೈ ಅದುಮಿದಳು.

"ಅಲ್ಲರಿ. ಚೆಂಡಿಂದು."

"ಹೌದಾ. ಈಗೂ ಅದ ಏನು?"

"ಇಲ್ರಿ. ಬಂದ್ ಮಾಡೀವಿ."

"ಬೇಸಾತು ಬಿಡ್ರಿ" ಎಂದು ಹೆಂಗಸು ಸಮಾಧಾನದ ಉಸಿರು ಬಿಟ್ಟು ತನ್ನ ಚೀಲ ಕಾಲಿನ ಸಂದಿಗೆ ಸರಿಸಿಕೊಂಡಳು.

ಬೇಸಾಯಿತೋ ಇಲ್ಲವೋ, ಜಯಮಾಲಾಗೆ ಹೇಳಲು ತಿಳಿಯಲಿಲ್ಲ. ಕ್ಲಬ್ ಅಂದರೆ ಅದಲ್ಲ ಎಂಬ ಒಂದು ಮಾತನ್ನು ಮಾತ್ರ ಸುಳ್ಳಾಗದಂತೆ ಇಲ್ಲಿಯವರೆಗೆ ಹೊತ್ತು ತಂದಿದ್ದಳು, ಅಷ್ಟೇ. ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ ಬಂಗ್ಲಾದ ತಿರುವು ಬಂತು. ಮಗಳ ಹೆಗಲಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ಗಾಡಿ ಇನ್ನೊಬ್ಬರನ್ನು ಹತ್ತಿಸಿಕೊಳ್ಳಲು ಮತ್ತೆ ನಿಂತಿತು.